ಥಾಯ್ ಮೀನಿನ ಟಿಕ್ಕಿ ಹಂಚಿನ ಮೇಲೆ ಒಡೆದು ಪುಡಿಯಾಗುತ್ತಿದೆ, ಏನು ಹಾಕಿದರೆ ಹಿಡಿಯುತ್ತದೆ?

ಸೊಸೆ_ಕಲಬುರಗಿ

ನಮಸ್ಕಾರ್ರೀ ಎಲ್ಲರಿಗೂ. ಮೂರು ಭಾನುವಾರ ಮೂರು ಸಲ ಮಾಡಿದೆ. ಮೂರೂ ಸಲ ಕೆಟ್ಟಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮೈದುನ ಎರಡು ವರ್ಷ ಬ್ಯಾಂಕಾಕ್‌ನಲ್ಲಿ ಕೆಲಸಕ್ಕಿದ್ದ. ಅಲ್ಲಿ ಗಾಡಿಗಳಲ್ಲಿ ಟೋಡ್ ಮನ್ ಪ್ಲಾ ಅಂತ ಮೀನಿನ ಟಿಕ್ಕಿ ಸಿಗುತ್ತದಂತೆ. ಊರಿಗೆ ಬಂದ ಮೇಲೂ ಅವನಿಗೆ ಅದರದೇ ಧ್ಯಾನ. ಮನೆಯಲ್ಲಿ ಮಾವನವರಿಗೆ ಬಿಪಿ, ಅತ್ತೆಯವರಿಗೆ ಶುಗರ್. ಮಟನ್ ಕಡಿಮೆ ಮಾಡಿ ಮೀನು ತಿನ್ನಿ ಅಂತ ಡಾಕ್ಟರ್ ಹೇಳಿದ್ದಾರೆ. ನಮ್ಮಲ್ಲಿ ಮೀನು ಅಂದರೆ ಒಂದು ಖಾರದ ಸಾರು, ಇಲ್ಲ ಅಂದರೆ ಬಾಣಲೆ ತುಂಬ ಎಣ್ಣೆ ಇಟ್ಟು ಕರಿದದ್ದು. ಈ ಟಿಕ್ಕಿಯನ್ನು ಕಡಿಮೆ ಎಣ್ಣೆಯಲ್ಲಿ ಹಂಚಿನ ಮೇಲೆ ಬೇಯಿಸಿದರೆ ಮೈದುನನಿಗೂ ಆಯಿತು, ಹಿರಿಯರಿಗೂ ಆಯಿತು ಅಂದುಕೊಂಡೆ.

ಮೊದಲ ಸಲ ಫ್ರೋಜನ್ ಬಾಸಾ ಮೀನು ತಂದೆ. ಮಿಕ್ಸಿಗೆ ಹಾಕಿ, ಅಂಗಡಿಯ ಕೆಂಪು ಥಾಯ್ ಮಸಾಲೆ ಕಲಸಿ ತಟ್ಟಿದೆ. ತಿರುವಿ ಹಾಕುವಾಗ ಉಪ್ಪಿಟ್ಟಿನ ಹಾಗೆ ಉದುರಿತು. ಎರಡನೇ ಸಲ ಆಲೂಗಡ್ಡೆ, ಬ್ರೆಡ್ ಪುಡಿ ಹಾಕಿದೆ. ಒಡೆಯಲಿಲ್ಲ. ಆದರೆ ಮೈದುನ ಒಂದು ತುತ್ತು ತಿಂದು "ವೈನಿ, ಇದು ಆಲೂ ಟಿಕ್ಕಿ" ಅಂದ. ಮೂರನೇ ಸಲ ಮಾರ್ಕೆಟ್‌ನಿಂದ ರೋಹು ತಂದೆ, ಕಾರ್ನ್ ಫ್ಲೋರ್ ಹಾಕಿದೆ. ನನ್ನ ಸಣ್ಣ ಮಗನ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು. ಹೊರಗೆ ಬಂತು, ಆದರೆ ಆ ಹತ್ತು ನಿಮಿಷ ನನ್ನ ಕೈಕಾಲು ನಡುಗಿದವು.

ಮೈದುನ ಹೇಳುವ ಟಿಕ್ಕಿ ಕಚ್ಚಿದರೆ ರಬ್ಬರಿನ ಹಾಗೆ ಹಿಂದಕ್ಕೆ ಪುಟಿಯುತ್ತದಂತೆ. ಅದು ಬರಲು ಏನು ಹಾಕಬೇಕು?

ಆಳಂದ_ರಸ್ತೆ

ಎರಡು ಚಮಚ ಕಡ್ಲಿ ಹಿಟ್ಟು ಹಾಕಿ ನೋಡಿ ಅಕ್ಕಾ. ಮಿರ್ಚಿ ಭಜಿಗೆ ಹಿಡಿಯುವುದು ಮೀನಿಗೆ ಹಿಡಿಯುವುದಿಲ್ವಾ?

ರೊಟ್ಟಿ_ಕೈ

ಕಡ್ಲಿ ಹಿಟ್ಟು ಬೇಡ ತಂಗಿ. ಆಲೂಗಡ್ಡೆ, ಬ್ರೆಡ್ ಪುಡಿ, ಕಾರ್ನ್ ಫ್ಲೋರ್ ಯಾವುದೂ ಬೇಡ. ಹಿಡಿಸುವ ಅಂಟು ಮೀನಿನಲ್ಲೇ ಇದೆ. ಅದನ್ನು ಹೊರಗೆ ತರಬೇಕು, ಅಷ್ಟೇ. ನಾನು ನಾಲ್ಕು ವರ್ಷದಿಂದ ಕಲಬುರಗಿಯ ನಮ್ಮ ಮನೆಯಲ್ಲೇ ಮಾಡುತ್ತಿದ್ದೇನೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೀನಿನ ಮಾಂಸದಲ್ಲಿ ಮಯೋಸಿನ್ ಅನ್ನುವ ಪ್ರೋಟೀನ್ ಇರುತ್ತದೆ. ಉಪ್ಪು ಹಾಕಿ ನಾದಿದರೆ ಅದು ನಾರಿನಿಂದ ಬಿಟ್ಟುಕೊಂಡು ಅಂಟಂಟಾಗುತ್ತದೆ. ಇನ್ನೂ ಬಡಿದರೆ ಬಲೆಯ ಹಾಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಹಂಚಿನ ಕಾವಿಗೆ ಆ ಬಲೆ ಗಟ್ಟಿಯಾಗಿ ನೀರನ್ನು ಒಳಗೇ ಹಿಡಿದಿಡುತ್ತದೆ. ನಿಮ್ಮ ಮೈದುನ ಹೇಳುವ ಪುಟಿಯುವ ಗುಣ ಅದೇ. ಹಿಟ್ಟು ಜಾಸ್ತಿ ಆದರೆ ಆ ಬಲೆಯ ನಡುವೆ ಸೇರಿಕೊಂಡು ಟಿಕ್ಕಿ ಮೆತ್ತಗಾಗುತ್ತದೆ.

ಇದನ್ನು ರೊಟ್ಟಿಯ ಲೆಕ್ಕದಲ್ಲಿ ಯೋಚಿಸಿ. ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ರೊಟ್ಟಿ ಬಡಿಯಲು ಕೂತರೆ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿ ನಾದಿದರೆ ಜಿಗಿ ಬರುತ್ತದೆ. ಮೀನಿಗೆ ಪೂರ್ತಿ ಉಲ್ಟಾ. ಅದಕ್ಕೆ ಜಿಗಿ ಬರುವುದು ಥಂಡಿಯಲ್ಲಿ. ಕೈಯ ಬಿಸಿ, ಮಿಕ್ಸಿಯ ಬಿಸಿ, ಅಡುಗೆಮನೆಯ ಬಿಸಿ ತಾಗಿದರೆ ಪ್ರೋಟೀನ್ ಮೊದಲೇ ಕೆಟ್ಟು ನೀರು ಬಿಟ್ಟುಕೊಳ್ಳುತ್ತದೆ. ನಮ್ಮ ಊರಿನ ಬೇಸಿಗೆ ಗೊತ್ತಲ್ಲ, 42 ಡಿಗ್ರಿ ದಾಟುತ್ತದೆ. ನಾನು ಮೊದಲು ಮಾಡಿದ್ದು ಮೇ ತಿಂಗಳ ಮಧ್ಯಾಹ್ನ. ಅರ್ಧ ತಾಸು ನಾದಿದರೂ ಅದು ಗಂಜಿಯ ಹಾಗೆ ಉಳಿಯಿತು. ಈಗ ಬೆಳಿಗ್ಗೆ ಏಳಕ್ಕೇ ಮಾಡಿಬಿಡುತ್ತೇನೆ. ದೊಡ್ಡ ಪರಾತದಲ್ಲಿ ಐಸ್ ನೀರು ಹಾಕಿ, ಅದರೊಳಗೆ ಸ್ಟೀಲ್ ಬೋಗುಣಿ ಇಟ್ಟು ನಾದುತ್ತೇನೆ.

ಅಳತೆ ಇಷ್ಟು. ಅರ್ಧ ಕೆಜಿ ಮಾಂಸ, ಮುಳ್ಳು ಚರ್ಮ ತೆಗೆದದ್ದು. ತುಂಡು ಮಾಡಿ ಫ್ರೀಜರ್‌ನಲ್ಲಿ ಇಪ್ಪತ್ತು ನಿಮಿಷ ಇಡಿ, ಅಂಚು ಗಟ್ಟಿಯಾಗುವಷ್ಟು. ನೀರು ಇದ್ದರೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ನಿಮ್ಮ ಬಾಸಾ ಉದುರಲು ಅರ್ಧ ಕಾರಣ ಅದರ ನೀರು. ಒಂದು ಟೀ ಚಮಚ ಉಪ್ಪು ಹಾಕಿ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುವಿ. ಒಂದೇ ಸಮನೆ ಓಡಿಸಬೇಡಿ. ಎರಡು ಚಮಚ ಕೆಂಪು ಮಸಾಲೆ, ಒಂದು ತತ್ತಿಯ ಬಿಳಿ, ಅರ್ಧ ಚಮಚ ಬೆಲ್ಲದ ಪುಡಿ ಸೇರಿಸಿ ಇನ್ನೊಂದು ಸಲ ತಿರುವಿ.

ಆಮೇಲೆ ಬೋಗುಣಿಗೆ ಹಾಕಿ ಬಡಿಯಬೇಕು. ಕೈಗೆ ಥಂಡಿ ನೀರು ಹಚ್ಚಿಕೊಳ್ಳಿ. ಇಡೀ ಮುದ್ದೆಯನ್ನು ಎತ್ತಿ ಬೋಗುಣಿಯ ತಳಕ್ಕೆ ಜೋರಾಗಿ ಎಸೆಯಿರಿ. ಮಡಚಿ, ಎತ್ತಿ, ಮತ್ತೆ ಎಸೆಯಿರಿ. ಮೊದಲು ಪಚ್ ಪಚ್ ಅನ್ನುತ್ತದೆ. ಐವತ್ತು ಅರವತ್ತು ಸಲ ಆದ ಮೇಲೆ ಸದ್ದು ಬದಲಾಗುತ್ತದೆ, ಹಸಿ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ ಠಪ್ ಅನ್ನುತ್ತದೆ. ಬೋಗುಣಿಯ ಬದಿ ತಾನೇ ಸ್ವಚ್ಛವಾಗುತ್ತದೆ. ಬಣ್ಣ ಸ್ವಲ್ಪ ಹೊಳೆಯುತ್ತದೆ. ಒಂದು ಉಂಡೆ ಅಂಗೈ ಮೇಲಿಟ್ಟು ಕೈ ಬೋರಲು ಮಾಡಿ. ಬೀಳದೆ ಹಿಡಿದುಕೊಂಡಿದ್ದರೆ ಆಯಿತು ಅಂತ ಅರ್ಥ. ಬಿದ್ದರೆ ಇನ್ನೂ ಬಡಿಯಿರಿ. ರೊಟ್ಟಿ ಬಡಿದ ಕೈಗೆ ಇದೇನು ದೊಡ್ಡ ಕೆಲಸವಲ್ಲ.

ಕೊನೆಗೆ ಐದಾರು ಎಳೆ ಅಲಸಂದಿ ಕಾಯಿ, ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪ ಹೆಚ್ಚಿದ್ದು, ಮತ್ತು ನಿಂಬೆ ಎಲೆ. ಫ್ರಿಜ್‌ನಲ್ಲಿ ಅರ್ಧ ತಾಸು ಇಟ್ಟು ತಟ್ಟಿ. ನಿಂಬೆಹಣ್ಣಿಗಿಂತ ಸಣ್ಣ ಉಂಡೆ ಮಾಡಿ ತಟ್ಟಿದರೆ ಹದಿನಾರು ಟಿಕ್ಕಿ ಆಗುತ್ತವೆ.

ಭೀಮಾ_ದಂಡೆ

ಯಾದಗಿರಿಯಿಂದ. ನಮ್ಮದು ಅಂಬಿಗರ ಮನೆ, ಮುಳ್ಳಿನ ವಿಷಯ ನಾನು ಹೇಳುತ್ತೇನೆ.

ರೋಹು, ಕಾಟ್ಲಾ ಎರಡರಲ್ಲೂ ಮಾಂಸದ ಒಳಗೇ ಕೂದಲಿನಂಥ ಕವಲು ಮುಳ್ಳು ಇರುತ್ತವೆ. ಬೆನ್ನುಮೂಳೆ ತೆಗೆದರೂ ಅವು ಹೋಗುವುದಿಲ್ಲ. ಮಿಕ್ಸಿಗೆ ಹಾಕಿದರೆ ತುಂಡಾಗಿ ಇನ್ನೂ ಅಪಾಯ, ಯಾಕೆಂದರೆ ಆಮೇಲೆ ಕಣ್ಣಿಗೆ ಕಾಣುವುದಿಲ್ಲ. ಅಕ್ಕಾ, ನಿಮ್ಮ ಮಗುವಿಗೆ ಆದದ್ದು ಅದೇ.

ಹೀಗೆ ಮಾಡಿ. ಮೀನನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ. ಚರ್ಮ ಕೆಳಗೆ ಬರುವ ಹಾಗೆ ಹಲಗೆಯ ಮೇಲೆ ಇಡಿ. ಬೆರಳಾಡಿಸಿದರೆ ಮುಳ್ಳು ಯಾವ ಕಡೆಗೆ ಮಲಗಿವೆ ಅಂತ ತಿಳಿಯುತ್ತದೆ. ಸ್ಟೀಲ್ ಚಮಚದ ಅಂಚಿನಿಂದ ಅದೇ ಕಡೆಗೆ ಮೆಲ್ಲಗೆ ಕೆರೆಯಿರಿ. ಎದುರು ಕೆರೆಯಬೇಡಿ. ಮಾಂಸ ಬೆಣ್ಣೆಯ ಹಾಗೆ ಚಮಚಕ್ಕೆ ಬರುತ್ತದೆ, ಮುಳ್ಳು ಚರ್ಮಕ್ಕೇ ಅಂಟಿಕೊಂಡು ನಿಲ್ಲುತ್ತವೆ. ಬಂದ ಮಾಂಸವನ್ನು ಸ್ಟೀಲ್ ಜರಡಿಯಲ್ಲಿ ಒತ್ತಿ ಇಳಿಸಿದರೆ ತಪ್ಪಿಸಿಕೊಂಡ ಒಂದೆರಡು ಸಿಕ್ಕಿಬೀಳುತ್ತವೆ. ಮಕ್ಕಳು ತಿನ್ನುವುದಿದ್ದರೆ ಕೊನೆಗೆ ಬಿಳಿ ತಟ್ಟೆಯ ಮೇಲೆ ತೆಳ್ಳಗೆ ಹರಡಿ ಬೆರಳಿನಿಂದ ಒಮ್ಮೆ ನೋಡಲೇಬೇಕು. ಒಂದೂವರೆ ಕೆಜಿಯ ಮೀನಿಗೆ ನನಗೆ ಮುಕ್ಕಾಲು ತಾಸು ಹಿಡಿಯುತ್ತದೆ, ಸುಮಾರು 600 ಗ್ರಾಂ ಮಾಂಸ ಬರುತ್ತದೆ.

ಇನ್ನೊಂದು ಮಾತು. ಥಾಯ್ಲೆಂಡಿನಲ್ಲೂ ಇದು ಮೂಲದಲ್ಲಿ ಸಿಹಿನೀರಿನ ಮೀನಿನದೇ ತಿಂಡಿ. ಅವರು ಪ್ಲಾ ಕ್ರಾಯ್ ಅನ್ನುವ ಮೀನು ಬಳಸುತ್ತಾರೆ. ಚಾಕುವಿನ ಅಲಗಿನ ಹಾಗೆ ಚಪ್ಪಟೆ, ಮೈತುಂಬ ಮುಳ್ಳು. ಅಲ್ಲಿಯವರೂ ಚಮಚದಿಂದಲೇ ಕೆರೆಯುತ್ತಾರೆ. ಅದೇ ಕುಟುಂಬದ ಸಣ್ಣ ಜಾತಿಯೊಂದು ನಮ್ಮ ಭೀಮಾ ನದಿಯಲ್ಲೂ ಇದೆ. ಬಲೆಗೆ ಬಿದ್ದರೆ ಮುಳ್ಳು ಜಾಸ್ತಿ ಅಂತ ಯಾರೂ ಕೊಳ್ಳುವುದಿಲ್ಲ, ಕಡಿಮೆ ರೇಟಿಗೆ ಹೋಗುತ್ತದೆ. ಈ ಟಿಕ್ಕಿಗೆ ಅದಕ್ಕಿಂತ ಒಳ್ಳೆಯ ಮೀನು ಇಲ್ಲ. ನನಗೆ ಇದು ತಿಳಿದ ದಿನ ಬಹಳ ಖುಷಿಯಾಯಿತು. ನಾವು ಬೇಡ ಅಂತ ಬಿಟ್ಟ ಮೀನೇ ಅಲ್ಲಿ ಬೇಕಾದ ಮೀನು.

ಕಾರಂಜಾ_ಬೀದರ್

ನಮ್ಮಲ್ಲಿ ಕಾರಂಜಾ ಜಲಾಶಯದ ಮೀನು ಬರುತ್ತದೆ. ಕೆರೆಯುವಷ್ಟು ಪುರುಸೊತ್ತು ಇಲ್ಲದವರು ಮುರ್ರೆಲ್ ತನ್ನಿ. ತೆಲಂಗಾಣದ ರಾಜ್ಯ ಮೀನು ಅದೇ, ನಮ್ಮ ಗಡಿ ಭಾಗದಲ್ಲೂ ಜೀವಂತ ಮಾರುತ್ತಾರೆ. ನಡು ಮೂಳೆ ತೆಗೆದರೆ ಒಳಮುಳ್ಳಿನ ಕಾಟ ಬಹಳ ಕಡಿಮೆ. ರೇಟು ಮಾತ್ರ ಜಾಸ್ತಿ. ನಾನು ಮುಕ್ಕಾಲು ಭಾಗ ರೋಹು, ಕಾಲು ಭಾಗ ಮುರ್ರೆಲ್ ಹಾಕುತ್ತೇನೆ.

ನನ್ನ ಪ್ರಶ್ನೆ ಬೇರೆ. ನಮ್ಮ ಅಮ್ಮಿ ಶಮ್ಮಿ ಕಬಾಬ್ ಮಾಡುವಾಗ ಖೀಮಾ ಜೊತೆ ಕಡ್ಲಿ ಬೇಳೆ ಹಾಕುತ್ತಾರೆ. ಅದು ಒಡೆಯುವುದಿಲ್ಲ. ಮೀನಿಗೆ ಯಾಕೆ ಬೇಡ ಅಂತೀರಿ ರೊಟ್ಟಿ ಆಪಾ?

ರೊಟ್ಟಿ_ಕೈ

ಶಮ್ಮಿಯಲ್ಲಿ ಖೀಮಾ ಮೊದಲೇ ಬೆಂದಿರುತ್ತದಲ್ವಾ. ಬೆಂದ ಮಾಂಸಕ್ಕೆ ತಾನಾಗಿ ಹಿಡಿಯುವ ಶಕ್ತಿ ಉಳಿದಿರುವುದಿಲ್ಲ. ಅದಕ್ಕೇ ಬೇಳೆ ಬೇಕು. ಇಲ್ಲಿ ಮೀನು ಹಸಿ. ಅಮ್ಮಿಯ ಕಬಾಬ್ ಬಾಯಲ್ಲಿ ಕರಗಬೇಕು, ಇದು ಪುಟಿಯಬೇಕು. ಎರಡರ ಗುರಿಯೇ ಬೇರೆ.

ಆಳಂದ_ರಸ್ತೆ

ಅಕ್ಕಾ, ಅಲಸಂದಿ ಬದಲು ಚವಳಿಕಾಯಿ (ಗೋರಿಕಾಯಿ) ಆಗುತ್ತದಾ? ಮನೆಯಲ್ಲಿ ಅದೇ ಇದೆ. ಮತ್ತೆ ಆ ಕೆಂಪು ಮಸಾಲೆ ಇಲ್ಲಿ ಎಲ್ಲಾ ಅಂಗಡಿಯಲ್ಲಿ ಸಿಗುವುದಿಲ್ಲ.

ರೊಟ್ಟಿ_ಕೈ

ಚವಳಿಕಾಯಿ ಬೇಡ. ಅದು ಕಹಿ, ನಾರೂ ಜಾಸ್ತಿ, ಟಿಕ್ಕಿ ಬೇಯುವ ಐದಾರು ನಿಮಿಷದಲ್ಲಿ ಅದು ಬೇಯುವುದಿಲ್ಲ. ಎಳೆ ಬೀನ್ಸ್ ಹಾಕಿ.

ಮಸಾಲೆ ಮನೆಯಲ್ಲೇ ಮಾಡಿ. ಬಿಪಿ ಇರುವ ಮನೆಗೆ ಅದೇ ಒಳ್ಳೆಯದು, ಅಂಗಡಿಯದರಲ್ಲಿ ಉಪ್ಪು ಮೊದಲೇ ಇರುತ್ತದೆ. ಆರು ಬ್ಯಾಡಗಿ, ಎರಡು ಗುಂಟೂರು ಮೆಣಸಿನಕಾಯಿ, ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿಡಿ. ಕೊತ್ತಂಬರಿ ಕಾಳು ಒಂದು ಚಮಚ, ಜೀರಿಗೆ ಅರ್ಧ ಚಮಚ ಹುರಿಯಿರಿ. ಇವುಗಳ ಜೊತೆ ನಾಲ್ಕು ಸಣ್ಣ ಉಳ್ಳಾಗಡ್ಡಿ, ಆರು ಎಸಳು ಬಳ್ಳೊಳ್ಳಿ, ಒಂದು ಇಂಚು ಶುಂಠಿ, ನಾಲ್ಕು ಕಾಳು ಮೆಣಸು, ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಬುಡದ ಬಿಳಿ ಭಾಗ. ಕೊತ್ತಂಬರಿ ಸೊಪ್ಪಿನ ಬೇರು ಬಿಸಾಡಬೇಡಿ, ತೊಳೆದು ಅದನ್ನೂ ಹಾಕಿ. ಥಾಯ್ ಅಡುಗೆಯ ಘಮದಲ್ಲಿ ಆ ಬೇರಿನ ಪಾಲು ದೊಡ್ಡದು. ನೀರು ಸೇರಿಸದೆ ಕಲ್ಲಿನಲ್ಲಿ ಅರೆದರೆ ಉತ್ತಮ. ಅವರು ಶುಂಠಿಯ ಜಾತಿಯದೇ ಗಲಾಂಗಲ್ ಗಡ್ಡೆ, ಸಿಗಡಿಯ ಪೇಸ್ಟ್ ಹಾಕುತ್ತಾರೆ. ನಾನು ಶುಂಠಿಯಲ್ಲೇ ಮುಗಿಸುತ್ತೇನೆ. ಸಿಗಡಿಗೆ ಬದಲು ಸಂತೆಯ ಒಣ ಸಿಗಡಿ ಒಂದು ಚಮಚ ಹುರಿದು ಪುಡಿ ಮಾಡಿ ಹಾಕುತ್ತೇನೆ. ಸಿಗಡಿ ಆಗದವರು ಮನೆಯಲ್ಲಿದ್ದರೆ ಬಿಟ್ಟುಬಿಡಿ.

ನಿಂಬೆ ಎಲೆಯ ಬಗ್ಗೆ ಒಂದು ಮಾತು. ಅವರದು ಮಕ್ರುತ್ ಅನ್ನುವ ಗಿಡದ ಜೋಡಿ ಎಲೆ, ಅದರ ಘಮ ಬೇರೆ. ನಮ್ಮ ಹಿತ್ತಲ ನಿಂಬೆಯ ಎಳೆ ಎಲೆ ಅಷ್ಟು ಘಮ ಕೊಡುವುದಿಲ್ಲ, ಆದರೂ ಸಾಕು. ನಡುವಿನ ನರ ತೆಗೆದು, ಸುತ್ತಿ, ದಾರದಷ್ಟು ತೆಳ್ಳಗೆ ಹೆಚ್ಚಬೇಕು. ಜೊತೆಗೆ ಒಂದು ನಿಂಬೆಹಣ್ಣಿನ ಹಸಿರು ಸಿಪ್ಪೆ ತುರಿದು ಹಾಕಿ. ಬಿಳಿ ಭಾಗ ಬಂದರೆ ಕಹಿ. ನಿಂಬೆರಸವನ್ನು ಹಸಿ ಮೀನಿಗೆ ಹಿಂಡಬೇಡಿ, ಹುಳಿಗೆ ಪ್ರೋಟೀನ್ ಗಟ್ಟಿಯಾಗಿ ಜಿಗಿ ಹೋಗುತ್ತದೆ.

ಬುತ್ತಿ_ಡಬ್ಬಿ

ನಾನು ಆಸ್ಪತ್ರೆಯೊಂದರಲ್ಲಿ ರೋಗಿಗಳ ಊಟದ ಲೆಕ್ಕ ನೋಡುತ್ತೇನೆ. ಬಿಪಿ ಅಂದಿದ್ದಕ್ಕೆ ಒಂದು ಮಾತು ಹೇಳಲೇಬೇಕು.

ಥಾಯ್ ರೆಸಿಪಿಗಳಲ್ಲಿ ಉಪ್ಪಿನ ಬದಲು ಫಿಶ್ ಸಾಸ್ ಇರುತ್ತದೆ. ಒಂದು ದೊಡ್ಡ ಚಮಚ ಫಿಶ್ ಸಾಸ್ ಅಂದರೆ ಸುಮಾರು ಮೂರೂವರೆ ಗ್ರಾಂ ಉಪ್ಪು. ಅದನ್ನೂ ಹಾಕಿ ಉಪ್ಪನ್ನೂ ಹಾಕಿದರೆ ಲೆಕ್ಕ ತಪ್ಪುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ. ರೊಟ್ಟಿ ಅಕ್ಕನ ಅಳತೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಉಪ್ಪು, ಹದಿನಾರು ಟಿಕ್ಕಿಗೆ. ಮಾವನವರು ನಾಲ್ಕು ತಿಂದರೆ ಒಂದೂಕಾಲು ಗ್ರಾಂ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಇಡೀ ದಿನದ ಕಾಲು ಭಾಗ ಇಲ್ಲೇ ಆಯಿತು. ಅವತ್ತು ಉಪ್ಪಿನಕಾಯಿ, ಹಪ್ಪಳ ಬೇಡ. ಚಟ್ನಿಗೆ ಉಪ್ಪು ಹಾಕಲೇಬೇಡಿ. ಟಿಕ್ಕಿಗೆ ಮಾತ್ರ ಉಪ್ಪು ಪೂರ್ತಿ ತೆಗೆಯಬೇಡಿ, ತೆಗೆದರೆ ಅಂಟು ಬರದೆ ಮತ್ತೆ ಉದುರುತ್ತದೆ.

ಶುಗರ್ ಇರುವವರಿಗೆ ತೊಂದರೆ ಇರುವುದು ಮೀನಿನಲ್ಲಿ ಅಲ್ಲ, ಜೊತೆಗೆ ಕೊಡುವ ಸಿಹಿ ಸಾಸ್‌ನಲ್ಲಿ. 100 ಗ್ರಾಂ ರೋಹುವಿನಲ್ಲಿ ಸುಮಾರು 17 ಗ್ರಾಂ ಪ್ರೋಟೀನ್ ಇದೆ, ಪಿಷ್ಟ ಇಲ್ಲ. ಕಾರ್ನ್ ಫ್ಲೋರ್, ಆಲೂಗಡ್ಡೆ ಬಿಟ್ಟರೆ ಅತ್ತೆಯವರಿಗೂ ಒಳ್ಳೆಯದೇ.

ಮತ್ತೆ ದಯವಿಟ್ಟು ಉಪ್ಪು ಖಾರ ನೋಡಲು ಹಸಿ ಮುದ್ದೆಯನ್ನು ನಾಲಿಗೆಗೆ ಹಚ್ಚಬೇಡಿ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಹೊಳೆ ಮೀನನ್ನು ಹಸಿಯಾಗಿ ತಿನ್ನುವ ರೂಢಿ ಇದೆ. ಅದರಿಂದ ಯಕೃತ್ತಿಗೆ ಒಂದು ಜಾತಿಯ ಹುಳು ಸೇರಿ, ಎಷ್ಟೋ ಜನರಿಗೆ ಪಿತ್ತನಾಳದ ಕ್ಯಾನ್ಸರ್ ಆಗಿದೆ. ಹೊಳೆ, ಕೆರೆಯ ಮೀನು ಎಲ್ಲೇ ಆದರೂ ಪೂರ್ತಿ ಬೇಯಲೇಬೇಕು. ಚಿಟಿಕೆಯಷ್ಟು ತೆಗೆದು ಹಂಚಿನಲ್ಲಿ ಸುಟ್ಟು ರುಚಿ ನೋಡಿ.

ಸೊಸೆ_ಕಲಬುರಗಿ

ನಾನು ಹಸಿಯದ್ದೇ ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ! ಇನ್ನು ಮೇಲೆ ಇಲ್ಲ. ಹೇಳಿದ್ದು ಬಹಳ ಉಪಕಾರ ಆಯಿತು.

ಎಣ್ಣೆ ಎಷ್ಟು ಬೇಕು ಅಂತ ಹೇಳಿಲ್ಲ ಅಕ್ಕಾ. ಹಂಚಿನ ಮೇಲೆ ಸೀದು ಹೋಗುವುದಿಲ್ವಾ?

ರೊಟ್ಟಿ_ಕೈ

ಟೋಡ್ ಅಂದರೇ ಕರಿಯುವುದು ಅಂತ ತಂಗಿ. ಅಲ್ಲಿ ಬಾಣಲೆಯ ಎಣ್ಣೆಯಲ್ಲಿ ಮುಳುಗಿಸಿಯೇ ಕರಿಯುತ್ತಾರೆ, ಉಬ್ಬಿ ಮೇಲೆ ಬರುತ್ತದೆ. ನಾವು ಮಾಡುವುದು ಮನೆಯ ದಾರಿ. ಅದೇ ಗರಿಗರಿ ಪೂರ್ತಿ ಬರುವುದಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ಆದರೆ ಒಳಗಿನ ಪುಟಿತ ಹಾಗೇ ಇರುತ್ತದೆ.

ನಾನು ಪಡ್ಡಿನ ಹಂಚು ಬಳಸುತ್ತೇನೆ. ಒಂದೊಂದು ಗುಳಿಗೆ ಕಾಲು ಚಮಚ ಶೇಂಗಾ ಎಣ್ಣೆ. ಎಣ್ಣೆ ಅಲ್ಲೇ ನಿಲ್ಲುವುದರಿಂದ ಕಡಿಮೆಯಲ್ಲೇ ಸುತ್ತಲೂ ಕೆಂಪಾಗುತ್ತದೆ. ಮಧ್ಯಮ ಉರಿ, ಮುಚ್ಚಳ ಮುಚ್ಚಿ ಮೂರು ನಿಮಿಷ, ತಿರುವಿ ಮತ್ತೆ ಮೂರು ನಿಮಿಷ ತೆರೆದೇ ಬೇಯಿಸಿ. ರೊಟ್ಟಿ ಹಂಚಾದರೆ ಎರಡು ಟೀ ಚಮಚ ಎಣ್ಣೆ ಸವರಿ ಅರ್ಧ ಇಂಚಿಗಿಂತ ತೆಳ್ಳಗೆ ತಟ್ಟಿ. ಮೊದಲ ಎರಡು ನಿಮಿಷ ಮುಟ್ಟಲೇಬೇಡಿ. ಬೆಂದ ಮೇಲೆ ಅದೇ ಹಂಚು ಬಿಟ್ಟುಕೊಳ್ಳುತ್ತದೆ. ಮಧ್ಯದಲ್ಲಿ ಮುರಿದು ನೋಡಿದರೆ ಗಾಜಿನ ಹಾಗೆ ಹೊಳೆಯಬಾರದು, ಬಿಳಿ ಆಗಿರಬೇಕು.

ಇಳಿಸಿದ ಮೇಲೆ ಉಬ್ಬು ಸ್ವಲ್ಪ ಕೂರುತ್ತದೆ. ಹೆದರಬೇಡಿ, ಅದು ಹಾಗೇ.

ಕಾರಂಜಾ_ಬೀದರ್

ಜೊತೆಗೆ ಕೊಡುವ ಸೌತೆಕಾಯಿಯ ಚಟ್ನಿ ಯಾರೂ ಹೇಳಲಿಲ್ಲ. ಅಲ್ಲಿ ಅದಕ್ಕೆ ಆಜಾಡ್ ಅಂತಾರೆ. ವಿನೆಗರ್, ಸಕ್ಕರೆ ಕುದಿಸಿ ಆರಿಸಿ, ಸೌತೆಕಾಯಿ, ಸಣ್ಣ ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕಿ, ಮೇಲೆ ಹುರಿದ ಶೇಂಗಾ ಉದುರಿಸುತ್ತಾರೆ. ನಾನು ಸಕ್ಕರೆ ಬಿಟ್ಟು ಒಂದು ಚಿಕ್ಕ ಚೂರು ಬೆಲ್ಲ, ವಿನೆಗರ್ ಬದಲು ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯ ನಿಂಬೆಹಣ್ಣು ಹಿಂಡುತ್ತೇನೆ. ಶೇಂಗಾ ಮಾತ್ರ ಕೈಬಿಡಬೇಡಿ. ಒಂದು ಸಲ ಹುರಿದ ಶೇಂಗಾ ಮುಗಿದಿತ್ತು, ಡಬ್ಬಿಯಲ್ಲಿದ್ದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿ ಪುಡಿ, ಉದುರಿಸಿದೆ. ಬಹಳ ಚೆನ್ನಾಗಿ ಹೊಂದಿತು. ಆದರೆ ಹಿಂಡಿಯಲ್ಲಿ ಉಪ್ಪು ಇರುತ್ತದೆ, ಬಿಪಿ ಇರುವವರ ತಟ್ಟೆಗೆ ಬೇಡ.

ಶ್ರಾವಣ_ಸೋಮವಾರ

ನಮ್ಮ ಮನೆಯಲ್ಲಿ ಮೀನು ಒಳಗೆ ಬರುವುದಿಲ್ಲ. ಆದರೂ ಪೂರ್ತಿ ಓದಿದೆ, ಬಾಯಲ್ಲಿ ನೀರು ಬಂತು. ಮೀನಿಲ್ಲದೆ ಏನಾದರೂ ಇದೆಯಾ?

ರೊಟ್ಟಿ_ಕೈ

ಇದೆ. ಥಾಯ್ ಜನ ಗೋವಿನಜೋಳದ ಕಾಳಿನಲ್ಲಿ ಇಂಥದ್ದೇ ಟಿಕ್ಕಿ ಮಾಡುತ್ತಾರೆ, ಟೋಡ್ ಮನ್ ಖಾವ್ ಪೋತ್ ಅಂತ. ಎಳೆ ತೆನೆಯ ಕಾಳು ತರಿತರಿಯಾಗಿ ಅರೆದು ಅದೇ ಮಸಾಲೆ, ಅದೇ ನಿಂಬೆ ಎಲೆ. ಅದಕ್ಕೆ ಮಾತ್ರ ಅಕ್ಕಿ ಹಿಟ್ಟು ಬೇಕು, ಯಾಕೆಂದರೆ ಜೋಳಕ್ಕೆ ಮೀನಿನ ಅಂಟಿಲ್ಲ. ಒಣ ಸಿಗಡಿ ಬಿಡಿ.

ಸೊಸೆ_ಕಲಬುರಗಿ

ಭಾನುವಾರ ಮಾಡಿದೆ. ಬೆಳಿಗ್ಗೆ ಆರೂವರೆಗೆ ಮಾರ್ಕೆಟ್, ರೋಹು ಒಂದೂವರೆ ಕೆಜಿ. ಕೆರೆಯಲು ನನಗೆ ಒಂದೂಕಾಲು ತಾಸು ಹಿಡಿಯಿತು. ಭೀಮಾ ದಂಡೆ ಅಣ್ಣ, ನೀವು ಹೇಳಿದ ಹಾಗೆ ಬೆರಳಾಡಿಸಿ ನೋಡಿದಾಗ ಮುಳ್ಳು ಮಲಗಿದ್ದು ನಿಜವಾಗಿಯೂ ತಿಳಿಯಿತು. ಜರಡಿಯಲ್ಲಿ ಮೂರು ಮುಳ್ಳು ಸಿಕ್ಕವು. ಆ ಮೂರನ್ನೂ ತಟ್ಟೆಯ ಅಂಚಿಗೆ ಇಟ್ಟು ಸುಮ್ನೆ ನೋಡುತ್ತಾ ಕೂತಿದ್ದೆ. ಜರಡಿ ಇಲ್ಲದಿದ್ದರೆ ಮೂರೂ ಮಗುವಿನ ತುತ್ತಿಗೆ ಹೋಗುತ್ತಿದ್ದವು.

ಬಡಿಯಲು ಶುರು ಮಾಡಿದಾಗ ಸದ್ದಿಗೆ ಅತ್ತೆಯವರು ಅಡುಗೆಮನೆಗೆ ಬಂದರು. "ಕೊಡು ಇಲ್ಲಿ" ಅಂತ ತಾವೇ ಕೂತರು. ಅವರ ಕೈಯಲ್ಲಿ ಮೂವತ್ತು ಸಲಕ್ಕೇ ಠಪ್ ಅನ್ನುವ ಸದ್ದು ಬಂತು. ಅಂಗೈ ಬೋರಲು ಮಾಡಿದರೆ ಉಂಡೆ ಕದಲಲಿಲ್ಲ. ಹಿಟ್ಟು ಒಂದು ಚಿಟಿಕೆಯೂ ಹಾಕಿಲ್ಲ. ಪಡ್ಡಿನ ಹಂಚಿನಲ್ಲಿ ಒಂದೂ ಒಡೆಯಲಿಲ್ಲ.

ಮೈದುನ ಕಚ್ಚಿದ. ಅದೇ ಪುಟಿತ ಅಂದ. ನಿಂಬೆ ಎಲೆಯ ಘಮ ಅಲ್ಲಿನದರ ಅರ್ಧ ಇದೆ ಅಂತಲೂ ಹೇಳಿದ. ಮಾವನವರಿಗೆ ನಾಲ್ಕು ಕೊಟ್ಟೆ, ಉಪ್ಪಿನಕಾಯಿ ಡಬ್ಬಿ ಎತ್ತಿಟ್ಟೆ. ಜೋಳದ ರೊಟ್ಟಿಯ ಜೊತೆ ತಿಂದರು.

ಒಂದೇ ಕೇಳುವುದು ಉಳಿದಿದೆ. ಮುಂದಿನ ಸಲ ಜಾಸ್ತಿ ಮಾಡಿ ಫ್ರೀಜರ್‌ನಲ್ಲಿ ಇಡಬಹುದಾ? ಹಸಿಯಾಗಿ ಇಡಬೇಕಾ, ಬೇಯಿಸಿಯೇ ಇಡಬೇಕಾ?

ರೊಟ್ಟಿ_ಕೈ

ಬೇಯಿಸಿಯೇ ಇಡಿ. ಹಸಿ ಮುದ್ದೆ ಫ್ರೀಜರ್‌ನಿಂದ ತೆಗೆದಾಗ ನೀರು ಬಿಟ್ಟು ಜಿಗಿ ಕಳೆದುಕೊಳ್ಳುತ್ತದೆ. ಬೆಂದದ್ದು ಪೂರ್ತಿ ಆರಿದ ಮೇಲೆ ಒಂದಕ್ಕೊಂದು ತಾಗದ ಹಾಗೆ ಡಬ್ಬಿಯಲ್ಲಿ ಇಟ್ಟರೆ ಎರಡು ಮೂರು ವಾರ ಆರಾಮ. ಆರಲಿ ಅಂತ ಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಡಬೇಡಿ, ನಮ್ಮ ಸೆಕೆಗೆ ಮೀನು ಬೇಗ ಕೆಡುತ್ತದೆ. ತೆಗೆದ ತಕ್ಷಣ ಹಂಚಿಗೆ ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಒಳಗಿನ ತನಕ ಬಿಸಿ ಮಾಡಿ. ಹೊಳೆಯಲ್ಲಿ ಆ ಚಪ್ಪಟೆ ಮೀನು ಸಿಕ್ಕ ದಿನ ಭೀಮಾ ದಂಡೆ ತಮ್ಮ ಇಲ್ಲಿ ಒಂದು ಮಾತು ಹಾಕಿದರೆ ನಾನೇ ಯಾದಗಿರಿಗೆ ಬರುತ್ತೇನೆ.

ಭೀಮಾ_ದಂಡೆ

ಖಂಡಿತ ಹಾಕುತ್ತೇನೆ ಅಕ್ಕಾ. ಬರುವಾಗ ಐಸ್ ಡಬ್ಬಿ ತನ್ನಿ.